ದಿನಕ್ಕೆ ಮುಕ್ಕಾಲು ಲೀಟರ್

3 ಮಾರ್ಚ್ 2003, ಸೋಮವಾರ. ನೀರು: 700

ಕಾಫಿ ಅರ್ಧ ಲೋಟ. ಮಾತ್ರೆಗೆ ಎರಡು ಗುಟುಕು. ಸಾರು, ಮಜ್ಜಿಗೆ ಎಲ್ಲಾ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ದಾಟಬಾರದು, ಬರೆದಿಡಿ ಅಂದಿದ್ದಾರೆ ಡಾಕ್ಟರ್. ಎರಡೂ ಕಿಡ್ನಿ ಕೈಕೊಟ್ಟು ಹತ್ತು ತಿಂಗಳಾಯಿತು. ಗುಬ್ಬಿ–ಕುಣಿಗಲ್ ಬಸ್ಸಿನಲ್ಲಿ ಹದಿನಾರು ವರ್ಷ ಕಂಡಕ್ಟರ್... ಟಿಕೆಟ್ ಲೆಕ್ಕ ಬರೆದ ಕೈ. ಈಗ ಗುಟುಕಿನ ಲೆಕ್ಕ.

ಹೆಂಡತಿ ಶಾಂತಲಾ ಗೂಳೂರು ಸ್ಕೂಲಿಗೆ ಪಾಠ ಮಾಡಲು ಹೊರಟವಳು ಬಾಗಿಲಲ್ಲಿ ನಿಂತು, "ಮನೇಲೇ ಇರ್ತೀರಲ್ಲ, ಗಿಡಕ್ಕೆ ಒಂದೊಂದ್ ಚೊಂಬು ನೀರ್ ಹಾಕ್ಬಿಡ್ರಿ" ಅಂದಳು. ಮೈ ಉರಿಯಿತು. ಬಾಯಾರಿ ಸಾಯುವವನ ಕೈಗೆ ಚೊಂಬು! ವರಾಂಡದಲ್ಲಿ ಒಂಬತ್ತು ಕುಂಡ. ಒಳಗೆ ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿಯ ಮನಿ ಪ್ಲಾಂಟ್. ಗಾಜಿನೊಳಗೆ ನೀರು ಕಾಣುತ್ತದೆ. ಕೂತರೂ ನಿಂತರೂ ಅದೇ ಕಣ್ಣಿಗೆ. ಅದಕ್ಕೆ ಯಾವ ಡಾಕ್ಟರೂ ಅಳತೆ ಹೇಳಿಲ್ಲ. ಹಾಕಿದೆ. ಬೈದುಕೊಂಡೇ ಹಾಕಿದೆ.

9 ಮಾರ್ಚ್, ಭಾನುವಾರ. ನೀರು: 750

ಸಿ.ಎಸ್. ಪುರದಿಂದ ಅವ್ವ ಬಂದಳು. ಪ್ರತಿ ಭಾನುವಾರದಂತೆ ಚೀಲದಲ್ಲಿ ಎಳನೀರು. ಎರಡು ಬಸ್ಸು ಬದಲಾಯಿಸಿ ಹೊತ್ತು ತರುತ್ತಾಳೆ. "ಉಷ್ಣಕ್ಕೆ ಕಿಡ್ನಿ ಸುಟ್ಟೋಗದೆ ಕಣ್ಲಾ. ತಣ್ಣಗ್ ಕುಡಿ, ಎಲ್ಲಾ ತೊಳ್ಕಂಡ್ ಹೋಯ್ತದೆ."

ಎಳನೀರು ನನಗೆ ವಿಷ. ಅದರ ಪೊಟ್ಯಾಶಿಯಂಗೆ ಎದೆಬಡಿತವೇ ನಿಲ್ಲಬಹುದಂತೆ. ದೀಪಾವಳಿಯಲ್ಲಿ ಅವಳ ಕೈಯಿಂದ ಒಂದೇ ಒಂದು ಕುಡಿದು ಐಸಿಯು ಸೇರಿದ್ದೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ಹೇಳಬಾರದು ಅಂತ ಶಾಂತಲಾಳಿಂದ ಮಾತು ತಗೊಂಡಿದ್ದೇನೆ. ಹೇಗೆ ಹೇಳುವುದು? ಅವಳಿಂದ ಆಗುವುದು ಅದೊಂದೇ.

ಎರಡು ಕೆತ್ತಿ ಚೊಂಬಿಗೆ ಬಗ್ಗಿಸಿಟ್ಟಳು. "ಆಮೇಲ್ ಕುಡೀತೀನಿ ಬುಡವ್ವ" ಅಂದೆ. ಅವಳು ಸ್ನಾನಕ್ಕೆ ಹೋದಾಗ ದೊಡ್ಡಪತ್ರೆ ಕುಂಡಕ್ಕೆ ಸುರಿದೆ. ಬೆರಳು ನೆಕ್ಕಿದೆ... ಸುಳ್ಳೇಕೆ.

14 ಮಾರ್ಚ್, ಶುಕ್ರವಾರ. ನೀರು: 800

ಬೆಂಗಳೂರು, ಡಯಾಲಿಸಿಸ್. ಪಕ್ಕದ ಬೆಡ್ ಕುಣಿಗಲ್ಲಿನ ಚನ್ನವೀರಯ್ಯನವರದು. ಹೋದ ವಾರವಷ್ಟೇ "ನಿಮ್ ಬಸ್ನಾಗೆ ಎಷ್ಟ್ ಸಲ ಬಂದಿದೀನಿ, ಒಂದಿನಾನೂ ಸೀಟ್ ಕೊಡ್ಸಿಲ್ವಲ್ಲಪ್ಪಾ" ಅಂತ ರೇಗಿಸಿದ್ದರು. ಇವತ್ತು ಹೊಸ ಬೆಡ್‌ಶೀಟ್. ಕೇಳಿದೆ. ನರ್ಸ್ ತಲೆ ಅಲ್ಲಾಡಿಸಿದಳು.

ಶಾಂತಲಾ ತನ್ನ ಕಿಡ್ನಿ ಕೊಡಲು ಬಂದಿದ್ದಳು, ಬ್ಲಡ್ ಗ್ರೂಪ್ ಹೊಂದಲಿಲ್ಲ. ಇನ್ನುಳಿದವಳು ಅವ್ವ. ಅವಳನ್ನು ಕೇಳಲ್ಲ. ಕೇಳಲಾರೆ. ಸಾಕಾಗಿದೆ.

20 ಮಾರ್ಚ್, ಗುರುವಾರ, ಮಧ್ಯಾಹ್ನ 3. ನೀರು: ಗೊತ್ತಿಲ್ಲ

ಕರೆಂಟ್ ಇಲ್ಲ. ಇವತ್ತಿನ ಪಾಲು ಹನ್ನೊಂದಕ್ಕೇ ಮುಗಿದಿತ್ತು. ನಾಲಿಗೆ ಒಣಗಿ ಮರದ ಚಕ್ಕೆ. ಮನಿ ಪ್ಲಾಂಟನ್ನು ಕಿತ್ತು ಬಿಸಾಡಿ, ಬಾಟಲಿ ಎತ್ತಿ ಕುಡಿದೆ. ಗಟಗಟ. ಪಾಚಿ ವಾಸನೆ, ಬಾಯಲ್ಲಿ ಬೇರಿನ ಚೂರು. ಆಮೇಲೆ ನಲ್ಲಿಗೂ ಬಾಯಿ ಹಚ್ಚಿದೆ — ಅಳೆಯಲಿಲ್ಲ. ನಾಚಿಕೆ. ಆದರೂ ಇನ್ನೂ ಬಾಯಾರಿಕೆ.

30 ಮಾರ್ಚ್, ಭಾನುವಾರ. ನೀರು: 500

ಎಂಟು ದಿನ ಆಸ್ಪತ್ರೆ. ಶ್ವಾಸಕೋಶಕ್ಕೆ ನೀರು ತುಂಬಿತ್ತಂತೆ. ಮನೆಗೆ ಬಂದರೆ ಅವ್ವ ವರಾಂಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ದೊಡ್ಡಪತ್ರೆ ಕುಂಡದ ತುಂಬ ಇರುವೆ. ಮಣ್ಣು ಮೂಸಿ ನೋಡಿದಳು.

"ಎಳ್ನೀರ್ ಇಲ್ಲಿಗ್ ಹುಯ್ದಿದೀಯೇನ್ಲಾ?"

ಸುಸ್ತಾಗಿತ್ತು. ಹೇಳಿಬಿಟ್ಟೆ. ವಿಷ ಅನ್ನುವುದನ್ನೂ, ದೀಪಾವಳಿಯದನ್ನೂ. ಕೂಗಾಡಲಿಲ್ಲ. "ನಾನೇ ಕೊಟ್ನಾ..." ಅಂದಳು, ಅಷ್ಟೇ. ಊಟ ಮಾಡದೆ ನಾಲ್ಕರ ಬಸ್ಸಿಗೆ ಹೊರಟುಹೋದಳು. ಇನ್ನೊಂದು ಭಾನುವಾರ ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

2 ಏಪ್ರಿಲ್, ಯುಗಾದಿ. ನೀರು: 600

ಅವ್ವ ಬರಲಿಲ್ಲ. ಬೇವು ಮಾತ್ರ ತಿಂದೆ.

ಮನಿ ಪ್ಲಾಂಟ್ ಬಿಸಾಡಿದಲ್ಲೇ, ಸೋಫಾ ಹಿಂದೆ ಬಿದ್ದಿತ್ತು. ಎಲೆಯೆಲ್ಲ ಹಪ್ಪಳ. ಬಳ್ಳಿಯ ಒಂದೇ ಒಂದು ಗಂಟು ಹಸಿರು. ಅಷ್ಟನ್ನು ಕತ್ತರಿಸಿ ಬಾಟಲಿಗೆ ಹಾಕಿ, ನನ್ನ ಪಾಲಿನ ಕೊನೇ ಲೋಟ ಸುರಿದೆ. ನಲ್ಲಿ ನೀರು ಇರಲಿಲ್ಲವೇ? ಇತ್ತು. ಆದರೆ ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಟ್ಟ ಕಂಡಕ್ಟರೇ ಇಳಿಯುವಾಗ ಕೊಡಬೇಕು.

13 ಏಪ್ರಿಲ್, ಭಾನುವಾರ. ನೀರು: 750

ಇವತ್ತೂ ಅವ್ವ ಇಲ್ಲ. ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದರೆ, "ನಿಮ್ಮವ್ವನ ಮನೆಗೆ ಬೀಗ ಹಾಕೈತಲ್ಲ ಕಂಡಕ್ಟ್ರೇ." ಎಲ್ಲಿ ಹೋದಳು? ಕೆಟ್ಟದ್ದೇ ತಲೆಗೆ ಬರುತ್ತದೆ.

ಗಂಟಿನಲ್ಲಿ ಬೆಳ್ಳಗೆ ಏನೋ. ಕನ್ನಡಕ ಹಾಕಿ ನೋಡಿದೆ. ಬೇರು, ಅಕ್ಕಿಕಾಳಿನಷ್ಟು. ಶಾಂತಲಾಳನ್ನು ಕೂಗಿ ತೋರಿಸಿದೆ. "ಇಷ್ಟಕ್ಕೇ ಇಷ್ಟೊಂದ್ ಕೂಗಾಟಾನಾ? ಮಗು ಹುಟ್ಟಿದಂಗೆ!" ಅಂದಳು. ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು.

22 ಏಪ್ರಿಲ್, ಮಂಗಳವಾರ. ನೀರು: 700

ಡಯಾಲಿಸಿಸ್ ರೂಮಿನ ಹೊರಗೆ, ಬೆಂಚಿನ ಮೇಲೆ, ಅವ್ವ! ನನ್ನ ಸೋದರಮಾವ ಅಡವಿಯಪ್ಪನನ್ನು ಜೊತೆಗೆ ಕರೆದುಕೊಂಡು ಹದಿನೈದು ದಿನದಿಂದ ಟೆಸ್ಟ್ ಮಾಡಿಸಿಕೊಳ್ಳುತ್ತಿದ್ದಾಳೆ. ತೊಡೆಯ ಮೇಲೆ ಫೈಲ್. ಗ್ರೂಪ್ ಹೊಂದುತ್ತದೆ. ಶುಗರ್ ಇಲ್ಲ, ಬಿಪಿ ಇಲ್ಲ.

"ಬ್ಯಾಡ ಕಣವ್ವ. ನಿಂಗೇನಾರ ಆದ್ರೆ?"

"ಸುಮ್ಕಿರ್ಲಾ. ನಾನ್ ತಂದಿದ್ನೆಲ್ಲಾ ಗಿಡಕ್ ಹುಯ್ದೆ. ಇದ್ನ ಅದೆಂಗ್ ಹುಯ್ತೀಯೋ ನೋಡ್ತೀನಿ."

ಅತ್ತುಬಿಟ್ಟೆ, ನರ್ಸ್ ಎದುರಿಗೇ.

16 ಜೂನ್, ಸೋಮವಾರ, ಬೆಳಿಗ್ಗೆ 7

ಅವ್ವನನ್ನು ಮೊದಲು ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ಮೇಲೆ ಇಷ್ಟೇ ಇಷ್ಟು ಕಂಡಳು. ಓಲೆ ಬಿಚ್ಚಿಸಿದ್ದಾರೆ, ಕಿವಿ ಬೋಳು. "ಗಿಡಕ್ ನೀರ್ ಹಾಕೋರ್ ಯಾರ್ಲಾ?" ಅಂತ ಕೇಳಿದಳು. ಪಕ್ಕದ ಮನೆಯವರು ಅಂದೆ. ಮನಿ ಪ್ಲಾಂಟ್ ಮಾತ್ರ ಇಲ್ಲೇ ಇದೆ. ಶಾಂತಲಾ ಬಾಟಲಿ ಸಮೇತ ಬಸ್ಸಿನಲ್ಲಿ ತಂದಳು. ಎರಡು ಎಲೆ, ಮೂರನೆಯದು ಇನ್ನೂ ಸುರುಳಿ.

ಭಯ. ನನಗಾಗಿ ಅಲ್ಲ. ಅವಳು ಎದ್ದು ಬರಲಿ, ಬಯ್ಯಲಿ.

ಕಿಡ್ನಿ ಹೊಂದಿಕೊಂಡರೆ ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕಂತೆ. ಮೂರು! ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನನ್ನ ಸ್ಟ್ರೆಚರ್ ಬಂತು. ಪೆನ್ ಕೊಡಿ ಅನ್ನುತ್ತಿದ್ದಾಳೆ ಶಾಂತಲಾ. ಇವತ್ತಿನ ನೀರು —