ಹಪ್ಪಳದ ವರದಿ

ಮಂಜಲ್‌ಪುರ, ವಡೋದರಾ
ಈಶ್ವರ ಸಂವತ್ಸರ, ಮಾರ್ಗಶಿರ ಮಾಸ, ಮಂಗಳವಾರ
9-12-1997

ಚಿ. ನಮಿತಾಳಿಗೆ ಅಜ್ಜಿಯ ಆಶೀರ್ವಾದ.

ನಾವೆಲ್ಲ ಕ್ಷೇಮ ಅಂತ ಮೊದಲ ಸಾಲಿನಲ್ಲಿ ಬರೆಯುವುದು ಪದ್ಧತಿ. ಕ್ಷೇಮ ಇಲ್ಲ, ಹಾಗಾಗಿ ಬರೆದಿಲ್ಲ. ನಿನ್ನ ಕನ್ನಡ ಎಷ್ಟು ಕುಂಟುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಅಕ್ಷರಗಳನ್ನು ಅವರೆಕಾಳಿನಷ್ಟು ದಪ್ಪ ಬರೆದಿದ್ದೇನೆ. ಅರ್ಥವಾಗದಿದ್ದರೆ ಎರಡು ಸಲ ಓದು. ಓದಿಸಿಕೊಳ್ಳಲು ಸೂರತ್ ಸ್ಟೇಷನ್ ಎದುರಿನ ಮಾಧವನ ಹೋಟೆಲಿಗೆ ಮಾತ್ರ ಒಯ್ಯಬೇಡ. ಅವನ ಕಿವಿಗೆ ಬಿದ್ದ ಸುದ್ದಿ ಸಾಂಬಾರಿನ ಜೊತೆ ಎಲ್ಲ ಮೇಜಿಗೂ ಹೋಗುತ್ತದೆ.

ನಿನ್ನ ಇಂಗ್ಲಿಷ್ ಕಾಗದ ನಿನ್ನೆ ಬಂತು. ನಿನ್ನ ಅಮ್ಮ ಓದಿ ಹೇಳುತ್ತಾ ಹೇಳುತ್ತಾ ಅರ್ಧದಲ್ಲಿ ನಿಲ್ಲಿಸಿ, ಹಾಲು ಉಕ್ಕಿತು ಅಂತ ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ಹಿಂದೆಯೇ ಹೋಗಿ ಉಳಿದದ್ದನ್ನೂ ಓದಿಸಿದೆ. ಬರುವ ಭಾನುವಾರ ಸಮುದ್ರದ ದಡದಲ್ಲಿ ಜಶುಭಾಯಿ ಶೇಠರ ಕಲ್ಲಿದ್ದಲ ಕರೆಂಟ್ ಕಾರ್ಖಾನೆಗೆ ಅಡಿಗಲ್ಲು. ಧನುರ್ಮಾಸ ಹೊಕ್ಕರೆ ಇಲ್ಲಿನವರು ಒಳ್ಳೆಯ ಕೆಲಸ ಮಾಡುವುದಿಲ್ಲವಲ್ಲ, ಅದಕ್ಕೇ ಈ ಅವಸರ. ಮಂತ್ರಿ ಬರುತ್ತಾನೆ. ಶೇಠರ ಟ್ರಸ್ಟಿನ ಕಾಲೇಜಿನಿಂದ ಸ್ವಾಗತ ಭಾಷಣಕ್ಕೆ ನಿನ್ನನ್ನೇ ಆರಿಸಿದ್ದಾರೆ. ಹಾಸ್ಟೆಲಿನ ಹುಡುಗಿಯರಿಗೆಲ್ಲ ಹೊಟ್ಟೆಕಿಚ್ಚಂತೆ. ಕೊನೆಗೆ, ಅಪ್ಪ ಮಾತ್ರ ಬರುವುದು ಬೇಡ, 'ಪಾಪಡ್‌ವಾಲಾ ಬಂದ' ಅಂತ ಎಲ್ಲರೂ ನಗುತ್ತಾರೆ, ಅಂತ ಬರೆದಿದ್ದೀಯ.

ಮಾರಾಯ್ತಿ, ಆ ವೇದಿಕೆ ಹತ್ತಬೇಡ. ನಿನ್ನನ್ನು ಆರಿಸಿದ್ದು ನಿನ್ನ ನಾಲಿಗೆಗೆ ಅಲ್ಲ, ರಘುರಾಮನ ಮಗಳು ಅಂತ. ಅಪ್ಪ ಬೇಡ ಅಂದ ಕಾರ್ಖಾನೆಗೆ ಮಗಳೇ ಹಾರ ಹಾಕಿದರೆ ಅವರಿಗೆ ಬೇರೆ ಯಾವ ಸರ್ಟಿಫಿಕೇಟೂ ಬೇಡ. ನಾನು ಹೇಳುವುದನ್ನು ಪೂರ್ತಿ ಓದು. ಆಮೇಲೆ ಕಾಲು ನಿನ್ನದು, ಮೆಟ್ಟಿಲು ಅವರದು.

ನಿನ್ನ ಅಪ್ಪ ಏನು ಬರೆದಿದ್ದ ಎಂಬುದು ನಿನಗೆ ಗೊತ್ತಿಲ್ಲ. ಪೇಪರಿನವರು 'ಹಪ್ಪಳದ ವರದಿ' ಅಂತ ಗೇಲಿ ಮಾಡಿ ಬರೆದದ್ದು ಮಾತ್ರ ಗೊತ್ತು. ಆ ಕಾರ್ಖಾನೆಗೆ ಸರ್ಕಾರ ಒಪ್ಪಿಗೆ ಕೊಡಬಹುದೋ ಬಾರದೋ ನೋಡಿ ಹೇಳುವ ಕೆಲಸ ಆಫೀಸಿನಲ್ಲಿ ಅವನ ಪಾಲಿಗೆ ಬಂತು. ಎರಡು ವರ್ಷ, ಭಾನುವಾರವೆಂದರೆ ಬಸ್ಸು ಹತ್ತಿ ಕಡಲ ದಡಕ್ಕೆ ಹೋದ. ಬಂದರಿನವರ ಉಬ್ಬರ ಇಳಿತದ ಪುಸ್ತಕ, ಹವಾಮಾನದವರ ಹಳೆಯ ಕಾಗದ ಎಲ್ಲ ತಂದು ಊಟದ ಮೇಜಿನ ಮೇಲೆ ಹರಡಿದ. ನಾವು ನೆಲದ ಮೇಲೆ ಕೂತು ಉಂಡೆವು, ನಿನಗೆ ನೆನಪಿರಬಹುದು. ಕಲ್ಲಿದ್ದಲ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗಂತೆ. ಒಂದರ ಮೇಲೊಂದು ಹೊದಿಸುತ್ತಾ ಹೋದರೆ ಒಳಗಿದ್ದವರು ಬೇಯುತ್ತಾರೆ, ಕಡಲು ಉಬ್ಬಿ ಮೇಲೆ ಬರುತ್ತದೆ ಅಂತ ಬಿಡಿಸಿ ಹೇಳಿದ್ದ. ಅವನೇನು ಕತ್ತಲಲ್ಲಿ ಕೂತಿರಿ ಅಂತ ಬರೆದಿರಲಿಲ್ಲ. ಅರ್ಧದಷ್ಟು ಕಟ್ಟಿ, ಅದನ್ನೂ ದಡದಿಂದ ದೂರ ಕಟ್ಟಿ, ಉಳಿದದ್ದಕ್ಕೆ ಬೇರೆ ದಾರಿ ನೋಡಿ ಅಂತ ಬರೆದಿದ್ದ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಒಬ್ಬಳು ಮೀನುಗಾರ ಮುದುಕಿ, ನನ್ನದೇ ವಯಸ್ಸು, ಕೈ ಹಿಡಿದು ನೀರಿನ ಕಡೆ ಬೆರಳು ಮಾಡಿ, ನನ್ನ ಮೊದಲನೇ ಒಲೆ ಅಲ್ಲಿತ್ತು ಅಂದಳು. ಅಲ್ಲಿ ದೋಣಿ ತೇಲುತ್ತಿತ್ತು. ಎರಡನೇ ಒಲೆಯ ಜಾಗದಲ್ಲಿ ಅಲೆ ಬಂದು ಬಂದು ಹೋಗುತ್ತಿತ್ತು. ಮೂರನೆಯದರ ಮೇಲೆ ನನಗೆ ಚಹಾ ಕಾಸಿ ಕೊಟ್ಟಳು. ಬಾವಿಯ ನೀರು ಉಪ್ಪು, ಚಹಾವೂ ಉಪ್ಪು. ಕುಡಿದೆ.

ಈಗ ಹಪ್ಪಳದ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದು ಕೋಟದ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ. ಹಪ್ಪಳ ಹರವಿದಾಗ ಒಣಗಲು ಎಷ್ಟು ದಿನದ ಬಿಸಿಲು ಬೇಕಾಯಿತು ಎಂದು ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ನನ್ನ ಅತ್ತೆ ಕಲಿಸಿದ ಅಭ್ಯಾಸ. ಬರುವ ವರ್ಷ ಹಿಟ್ಟು ಎಷ್ಟು ಗಟ್ಟಿ ಕಲಸಬೇಕು ಎಂದು ಅದರಿಂದ ತಿಳಿಯುತ್ತದೆ. ಈ ಬಡೋದೆಗೆ ಬಂದ ಹದಿನಾಲ್ಕು ವರ್ಷವೂ ಬರೆದಿದ್ದೇನೆ. 'ಎರಡು ಬಿಸಿಲು ಬೇಕಾಯಿತು.' 'ಒಂದೂವರೆ.' 'ಇಂದು ಮಧ್ಯಾಹ್ನಕ್ಕೇ ಅಂಚು ಸಿಡಿಯಿತು.' ನಿನ್ನ ಅಪ್ಪ ಮೊದಲು ನಕ್ಕ. ಆಮೇಲೆ ಒಂದು ದಿನ ಎಲ್ಲ ಪಂಚಾಂಗ ಎದುರಿಗಿಟ್ಟುಕೊಂಡು ಕೂತವನು ಊಟಕ್ಕೂ ಏಳಲಿಲ್ಲ. ವರದಿಯ ಕೊನೆಯ ಪುಟದಲ್ಲಿ ಒಂದು ಸಾಲು ಬರೆದ: ಸೆಖೆ ಹೆಚ್ಚುತ್ತಿದೆ ಎಂದು ಮೊದಲು ನನಗೆ ತೋರಿಸಿದವಳು ನನ್ನ ತಾಯಿ, ಅವಳಿಗೆ ನಮಸ್ಕಾರ. ಅಷ್ಟೇ. ಒಂದು ಅಂಕಿಯನ್ನೂ ನನ್ನಿಂದ ತೆಗೆದುಕೊಂಡಿರಲಿಲ್ಲ. ಪ್ರೀತಿಗೆ ಬರೆದ ಆ ಒಂದು ಸಾಲೇ ಅವನಿಗೆ ಕುಣಿಕೆಯಾಯಿತು.

ಜ್ಯೇಷ್ಠದಲ್ಲಿ ಶೇಠರ ಹೆಂಡತಿ ಹಂಸಾಬೇನ್ ಬಿಳಿ ಕಾರಿನಲ್ಲಿ ನಮ್ಮ ಮನೆಗೆ ಬಂದಳು. ಅಪ್ಪ ಆಫೀಸಿನಲ್ಲಿ, ಅಮ್ಮ ಬ್ಯಾಂಕಿನಲ್ಲಿ. ತಾಯಿಯನ್ನು ಕರೆಯುವ ಹಾಗೆ ನನ್ನನ್ನು 'ಬಾ' ಅಂತ ಕರೆದು ಕಾಲು ಮುಟ್ಟಿದಳು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವ ರೂಢಿ ನಮ್ಮಲ್ಲಿಲ್ಲ. ತೆಂಗಿನಕಾಯಿ, ಕುಂಕುಮ ಕೊಟ್ಟೆ, ಹಪ್ಪಳ ಕರಿದೆ. ತಿಂದಳು, ಹೊಗಳಿದಳು. ಹೊಗಳಿದರೆ ನಾನು ಎಂಥವಳು ಎಂದು ನಿನಗೆ ಗೊತ್ತೇ ಇದೆ. ಪಂಚಾಂಗಗಳನ್ನೆಲ್ಲ ತಂದು ತೋರಿಸಿ, ಇವಿಲ್ಲದಿದ್ದರೆ ನನ್ನ ಮಗನ ವರದಿಯೇ ಇಲ್ಲ ಅಂತ ಕೊಚ್ಚಿಕೊಂಡೆ. ಅವಳು ಒಂದು ಡಬ್ಬಿ ಹಪ್ಪಳವನ್ನೂ ಒಂದು ಪಂಚಾಂಗವನ್ನೂ ಕೇಳಿ ಪಡೆದಳು.

ಆ ದಿನ ಅವಳು ಇನ್ನೊಂದು ಮಾತು ಹೇಳಿದಳು. ನೀನು ಇದನ್ನು ಮರೆಯಬಾರದು. ಸೂರತ್ ಹತ್ತಿರ ಕಡಲ ಎದುರಿಗಿದ್ದ ತಮ್ಮ ಬಂಗಲೆಯನ್ನು ಮಾರಿಬಿಟ್ಟರಂತೆ. ಎರಡು ಸಲ ಉಬ್ಬರದ ನೀರು ತುಳಸಿಕಟ್ಟೆಗೆ ಬಂತಂತೆ. ಶೇಠರೇ ಎತ್ತರದ ಜಾಗ ಹುಡುಕಿ ಹೊಸ ಮನೆ ಕಟ್ಟಿಸಿದರಂತೆ. "ಸಮುದ್ರವನ್ನು ಇನ್ನು ನಂಬುವ ಹಾಗಿಲ್ಲ ಬಾ," ಅಂದಳು, ಹಪ್ಪಳ ಮುರಿಯುತ್ತಾ. ತಿಂಗಳು ಕಳೆಯುವುದರೊಳಗೆ ಅವಳ ಗಂಡ ಪೇಪರಿನಲ್ಲಿ ಹೇಳಿಕೆ ಕೊಟ್ಟ: ಕಡಲು ಏರುವುದು ವಿದೇಶದವರು ಕಟ್ಟಿದ ಕಥೆ, ಅವರು ನೂರು ವರ್ಷ ಕಲ್ಲಿದ್ದಲು ಉರಿಸಿ ಕೊಬ್ಬಿದರು, ಈಗ ನಮಗೆ ದೀಪ ಆರಿಸಿ ಅನ್ನುತ್ತಾರೆ. ಉರಿಸಿದ್ದು ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ನೆರೆಯವನು ತನ್ನ ಮಾಡಿಗೆ ಬೆಂಕಿ ಹಚ್ಚಿಕೊಂಡ ಅಂತ ನಮ್ಮ ಮಾಡಿಗೂ ಹಚ್ಚಿಕೊಳ್ಳುವುದು ಯಾವ ಊರಿನ ನ್ಯಾಯ? ಅದೂ, ಹಚ್ಚುವವನು ತನ್ನ ಪೆಟ್ಟಿಗೆ ಪಠಾರಿ ಮೊದಲೇ ಹೊರಗೆ ಸಾಗಿಸಿಕೊಂಡು.

ಹಪ್ಪಳ ತಿಂದು ಹೋದ ಮರುವಾರವೇ ಹಂಸಾಬೇನ್ ಗುಜರಾತಿಯಲ್ಲಿ ಟೈಪು ಮಾಡಿದ ಒಂದು ಕಾಗದ ತಂದಳು. ಪೆನ್ನನ್ನೂ ಹೆಬ್ಬೆಟ್ಟಿನ ಶಾಯಿಯನ್ನೂ ಎರಡನ್ನೂ ಎದುರಿಗಿಟ್ಟಳು. ನನಗೆ ಸಿಟ್ಟು ಬಂತು. ಶಾಯಿಯನ್ನು ಪಕ್ಕಕ್ಕೆ ತಳ್ಳಿ, ಪೆನ್ನು ಹಿಡಿದು ಮೂರಕ್ಷರ ರುಜು ಮಾಡಿದೆ. ನನಗೆ ಗುಜರಾತಿ ಲಿಪಿ ಬಾರದು. ಮಹಿಳಾ ಮಂಡಳದವರು ನನ್ನ ಹಪ್ಪಳಕ್ಕೆ ಸನ್ಮಾನ ಮಾಡುವ ಕಾಗದ ಅಂದುಕೊಂಡೆ.

ಆಷಾಢದಲ್ಲಿ ಅಹಮದಾಬಾದಿನಲ್ಲಿ ಸಭೆ ಕೂತಿತು. ದೊಡ್ಡ ಮೇಜಿನ ಒಂದು ಕಡೆ ಮಂತ್ರಿ, ಶೇಠ, ದಿಲ್ಲಿಯಿಂದ ಕರೆಸಿದ ಪಂಡಿತ. ಇನ್ನೊಂದು ಕಡೆ ನಿನ್ನ ಅಪ್ಪ ಒಬ್ಬನೇ. ಅವನು ಬಾಯಿ ತೆರೆಯುವ ಮೊದಲೇ ಆ ಕಾಗದ ಓದಿದರು. ನನ್ನ ಮಗ ಯಾವುದನ್ನೂ ಅಳೆಯಲಿಲ್ಲ, ನನ್ನ ಪಂಚಾಂಗ ನೋಡಿ ಅಂಕಿ ತುಂಬಿದ, ಅಂತ ನಾನು ಹೇಳಿದ ಹಾಗೆ ಅದರಲ್ಲಿತ್ತು. ಆಮೇಲೆ ಚಹಾ ಬಂತು, ಚಹಾದ ಜೊತೆ ತಟ್ಟೆ ತುಂಬ ಕರಿದ ಹಪ್ಪಳ. ಮಂತ್ರಿ ಒಂದು ಎತ್ತಿಕೊಂಡು, "ಮೊದಲು ಪುರಾವೆಯ ರುಚಿ ನೋಡೋಣ," ಅಂದ. ಇಡೀ ಕೋಣೆ ನಕ್ಕಿತಂತೆ. ನಿನ್ನ ಅಪ್ಪ ಅದರಲ್ಲಿದ್ದ ಎಳ್ಳು ನೋಡಿ ಯಾರ ಕೈಯ ಹಪ್ಪಳ ಎಂದು ಗುರುತಿಸಿದ. ಎರಡು ವರ್ಷದ ಕಾಗದಗಳ ಕಟ್ಟು ಅವನ ತೊಡೆಯ ಮೇಲೆ ಇತ್ತು. ಯಾರೂ ಬಿಚ್ಚು ಅನ್ನಲಿಲ್ಲ.

ಮನೆಗೆ ಬಂದು ಅವನು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ನನ್ನ ಎದುರು ಕೂತು ಒಂದೇ ಮಾತು ಕೇಳಿದ. "ಅಮ್ಮಾ, ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಿರಲಿಲ್ಲ ಅಲ್ವಾ?"

ಇಲ್ಲ ಅಂದೆ. ಹಾಗಾದರೆ ಬಿಡು ಅಂದ. ಅದಾದ ಮೇಲೆ ನನಗೆ ಒಂದು ಒರಟು ಮಾತೂ ಆಡಿದ್ದಿಲ್ಲ. ಅವನನ್ನು ಅಹಮದಾಬಾದಿಗೆ ಎತ್ತಿ ಹಾಕಿದರು, ಹಳೆಯ ಫೈಲುಗಳನ್ನು ಇಡುವ ಒಂದು ಕೋಣೆಗೆ. ಶನಿವಾರ ಬರುತ್ತಾನೆ, ಸೋಮವಾರ ಹೋಗುತ್ತಾನೆ. ತಟ್ಟೆಗೆ ಹಪ್ಪಳ ಹಾಕಿದರೆ ಬೇಡ ಅನ್ನುವುದಿಲ್ಲ. ಊಟ ಮುಗಿದಾಗ ಅದು ಹಾಗೆಯೇ ಇರುತ್ತದೆ.

ಸಭೆ ಕೂತ ಅದೇ ವಾರ, ಕಾಯುವ ಪಟ್ಟಿಯಲ್ಲಿದ್ದ ನಿನಗೆ ಸೂರತ್ತಿನ ಕಾಲೇಜಿನಲ್ಲಿ ಸೀಟು ಬಂತು. ಅದು ಶೇಠರ ಟ್ರಸ್ಟಿನದು ಅಂತ ನಿನ್ನ ಅಮ್ಮ ಹಿಂದೇಟು ಹಾಕಿದಳು. ವಿದ್ಯೆಯ ಮೇಲೆ ಏನು ಮುನಿಸು, ಹೋಗಲಿ ಅಂದವನು ನಿನ್ನ ಅಪ್ಪನೇ. ಬೀದಿಗೆಲ್ಲ ಪೇಡಾ ಹಂಚಿದವನೂ ಅವನೇ. ನೀನು ನಾಚುವುದು ಆ ಮನುಷ್ಯನ ಬಗ್ಗೆ.

ಜಪಾನಿನಲ್ಲಿ ಈ ವಾರ ದೇಶದೇಶದವರು ಈ ಸೆಖೆಯ ಬಗ್ಗೆಯೇ ಸಭೆ ಸೇರಿದ್ದಾರಂತೆ, ರೇಡಿಯೋದಲ್ಲಿ ಹೇಳಿದರು. ಅಲ್ಲಿಯೂ ಶೇಠಂದಿರು ಇರುತ್ತಾರೆ, ಅಲ್ಲಿಯೂ ಚಹಾದ ಜೊತೆ ಏನಾದರೂ ಕರಿದು ತರುತ್ತಾರೆ. ಅವರಿಗೆ ಗೊತ್ತಿಲ್ಲ ಅಂತ ನೀನು ತಿಳಿಯಬೇಡ. ತುಳಸಿಕಟ್ಟೆಗೆ ನೀರು ಬಂದದ್ದು ಕಂಡವರೇ ನೀರು ಬರುವುದಿಲ್ಲ ಅನ್ನುವವರು. ತಿಳಿಯದೆ ಮಾಡಿದ್ದಕ್ಕೆ ದೇವರು ಒಂದು ದಾರಿ ಇಟ್ಟಿರುತ್ತಾನೆ. ತಿಳಿದೂ ಮಾಡಿದವರ ಪಾಪ ಯಾವ ನೀರಿನಲ್ಲಿ ಮಿಂದರೂ ಹೋಗುವುದಿಲ್ಲ.

ಭಾನುವಾರ ನೀನು ಎಲ್ಲಿ ನಿಲ್ಲುತ್ತೀಯ ಎಂದು ನೀನೇ ನೋಡಿಕೋ. ಆ ಮುದುಕಿಯ ಮೂರನೇ ಒಲೆ ನಿಮ್ಮ ವೇದಿಕೆಯಿಂದ ಕೂಗಳತೆ ದೂರದಲ್ಲಿದೆ.

ಆ ಕಾಗದದ ಮೇಲೆ ಮಾಡಿದ ಹಾಗೆಯೇ, ಮೂರೇ ಅಕ್ಷರ,

ಕಮಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿದೆ. ಆ ಮೂರಕ್ಷರದ ಮೇಲೆ ಎರಡನೇ ಸಲ ಸುಳ್ಳು ಕೂರಿಸಲು ಮನಸ್ಸು ಒಪ್ಪಲಿಲ್ಲ. ಹಂಸಾಬೇನ್ ಆ ಗುಜರಾತಿ ಕಾಗದವನ್ನು ನನಗೆ ಹಿಂದಿಯಲ್ಲಿ ನಿಧಾನವಾಗಿ ಓದಿ ಹೇಳಿದ್ದಳು, ಎರಡು ಸಲ. ಎಲ್ಲ ಅರ್ಥವಾಯಿತು. ಪೆನ್ನು ಕೆಳಗಿಟ್ಟೆ ಕೂಡ. ಆಗ ಅವಳು ಚೀಲದಿಂದ ಇನ್ನೊಂದು ಕಾಗದ ತೆಗೆದು ಅದರ ಪಕ್ಕದಲ್ಲಿ ಇಟ್ಟಳು. ಕಾಲೇಜಿನ ಮೊಹರು ಒತ್ತಿತ್ತು. ಶನಿವಾರ ನಿನ್ನ ಅಪ್ಪ ಬಂದಾಗ ಇದನ್ನು ಅವನಿಗೆ ನಾನೇ ಹೇಳುತ್ತೇನೆ. ನಿನಗೆ ಮೊದಲು ಹೇಳಿದೆ, ಯಾಕೆಂದರೆ ಆ ಮೊಹರಿನ ಕಾಗದ ಪೂರಾ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬಂದದ್ದು ಅದರಲ್ಲಿ ಆರೇ ಅಕ್ಷರ. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ನನ್ನ ತೊಡೆಯ ಮೇಲೆ ಕೂತು, ಸ್ಲೇಟಿನ ಮೇಲೆ ಬರೆದು ಕಲಿಸಿದ್ದೆಯಲ್ಲ, ನಿನ್ನ ಹೆಸರು.