ಮೇಲುಗಡೆ ಯಾರೂ ಇಲ್ಲದ ನೀರು

೧-೬-೨೦೦೩, ಭಾನುವಾರ
ಮತ್ತೆ ಅಟ್ಲಾಸ್ ಮುಂದೆ ಕೂತೆ. ಅನ್ನ ಸೀದುಹೋಯಿತು. ಅವ್ವ ಬೈದಳು, ಬೈಯಬೇಕಾದದ್ದೇ. ಆದರೆ ರೂಟು ಮುಗಿಯಿತು — ಕೋಬ್ಲೆಂಝ್, ಪಸಾವ್, ಲಿಯಾನ್. ಮೂರೂ ಊರುಗಳಲ್ಲಿ ನದಿಗಳ ಸಂಗಮ. ನರಸೀಪುರದ ಸಂಗಮದ ಪಕ್ಕದ ಹೈಸ್ಕೂಲಿನಲ್ಲಿ ನಿಂತು ಇಪ್ಪತ್ತು ವರ್ಷ ಯುರೋಪಿನ ನದಿಗಳ ಪಾಠ ಮಾಡಿದ್ದೇನೆ, ಒಂದನ್ನೂ ನೋಡದೆ! ಈ ದಸರಾ ರಜೆಗೆ ನೋಡುತ್ತೇನೆ. ದುಡಿದವಳು ನಾನು, ಕೇಳುವವರು ಯಾರು? ಅವ್ವನೂ ಜೊತೆಗೆ. ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ...

೧೪-೬, ಸಂಜೆ
ಮೈಸೂರಿನ ಟ್ರಾವೆಲ್ಸ್‌ಗೆ ಹೋಗಿದ್ದೆ. ಗುರುಮಲ್ಲಪ್ಪ ಎನ್ನುವವರು ಬಣ್ಣದ ಬ್ರೋಶರ್ ಹರಡಿದರು. ಟವರು, ಹಿಮ, ಚಾಕೊಲೇಟ್ ಫ್ಯಾಕ್ಟರಿ. ನನ್ನ ರೂಟು ನೋಡಿ ನಕ್ಕರು.
"ನೀರ್ ನೋಡಕ್ಕೆ ಅಷ್ಟ್ ದೂರನಾ ಮೇಡಂ? ನಿಮ್ಮೂರಲ್ಲೇ ಐತಲ್ಲ."
"ದೇವಸ್ಥಾನಾನೂ ಊರಲ್ಲೇ ಇದೆ. ಕಾಶಿಗ್ ಯಾಕ್ ಟಿಕೆಟ್ ಮಾಡ್ತೀರಿ?"
ಪೆನ್ನು ತೆಗೆದುಕೊಂಡು ರೂಟು ಬರೆದುಕೊಂಡರು. ಬಸ್ಸಿನಲ್ಲಿ ಊರು ಬರುವವರೆಗೂ ಒಬ್ಬಳೇ ನಗುತ್ತಿದ್ದೆ.

೨೨-೬, ಭಾನುವಾರ
ಅವ್ವನಿಗೆ ಮ್ಯಾಪು ತೋರಿಸಿದೆ. ರೋನ್ ನದಿ ಲಿಯಾನ್‌ನಲ್ಲಿ ಇನ್ನೊಂದು ನದಿಯನ್ನು ಕೂಡುತ್ತದೆ ಎಂದೆ. ಅವಳು ಆ ನೀಲಿ ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದಳು. ಹುಟ್ಟುವ ಕಡೆಗೆ.
"ಇದ್ಕಿಂತ ಮ್ಯಾಲೆ ಯಾರವ್ರೆ?"
"ಯಾರೂ ಇಲ್ಲ. ಸ್ವಿಟ್ಜರ್‌ಲೆಂಡಿನ ಬೆಟ್ಟ. ಬರೀ ಹಿಮ."
"ಯಾರೂ ಇಲ್ವಾ? ನೀರ ಮುಟ್ಬೋದಾ?"
ನಂಜನಗೂಡು ತಾಲ್ಲೂಕಿನ ನಮ್ಮ ಹುಟ್ಟೂರಲ್ಲಿ, ಹೊಳೆಗೆ ಇಳಿದರೆ ನಮ್ಮ ಕೇರಿಯವರು ಕೆಳಗಡೆ. ಮೇಲುಗಡೆಯವರು ಮಿಂದು, ದನ ತೊಳೆದು ಬಿಟ್ಟ ನೀರು ನಮಗೆ. ಅವ್ವ ಒಮ್ಮೆ ಮೇಲುಗಡೆ ಕೊಡ ಅದ್ದಿದ್ದಕ್ಕೆ ಕೊಡವನ್ನೇ ಒಡೆದು ಹಾಕಿದರು. ಆಗ ನಾನು ಅವಳ ಸೊಂಟದ ಮೇಲಿದ್ದೆನಂತೆ.
"ನಿಂಗೆ ಎಲ್ಲಿಗೆ ಹೋಗ್ಬೇಕು ಅವ್ವಾ?"
ಎಪ್ಪತ್ತು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ನಾನು ಸಹ.
"ಅಲ್ಗೇ ಕಣ್ ಮಗ. ಆ ಬುಡುಕ್ಕೆ."

೨೮-೬
ಗುರುಮಲ್ಲಪ್ಪನವರಿಗೆ ಫೋನು. ರೋನ್ ಹುಟ್ಟುವಲ್ಲಿಗೆ ಘಾಟಿ ರಸ್ತೆ, ಹಿಮ ಬಿದ್ದರೆ ಮುಚ್ಚುತ್ತಾರೆ. ಅಕ್ಟೋಬರಿನ ಮೊದಲ ವಾರವೇ ಹೋಗಿಬಿಡಬೇಕು. ದಿನ ಸಾಲದು. ಕೋಬ್ಲೆಂಝ್ ಹೊಡೆದುಹಾಕಿದೆ. ಪಸಾವ್ ಕೂಡ. ಬೇಜಾರಾಯಿತು, ಸುಳ್ಳೇಕೆ. ಲಿಯಾನ್ ಮಾತ್ರ ಬಿಡಲಿಲ್ಲ. ಅವ್ವನ ನೀರು ಬಂದು ಸೇರುವುದೇ ಅಲ್ಲಿ!

೧೭-೯
ವೀಸಾ ಬಂತು — ಇಬ್ಬರಿಗೂ!! ಪಾಸ್‌ಪೋರ್ಟಿನ ಫೋಟೋದಲ್ಲಿ ಅವ್ವ ಯಾರನ್ನೋ ಗದರಿಸುವ ಹಾಗಿದ್ದಾಳೆ.
ಊರಿನಿಂದ ಪುಟ್ಟಗೌರಮ್ಮ ಬಂದಿದ್ದರು. ಅವರ ಗದ್ದೆಯಲ್ಲೇ ಅವ್ವ ನಾಟಿ ಹಾಕುತ್ತಿದ್ದದ್ದು. ಆಗೆಲ್ಲ ಅವರ ಬಾಯಲ್ಲಿ ಅವ್ವ ಬರೀ "ಮಾದಿ", ಈಗ "ಪುಟ್ಟಮಾದಮ್ಮ". ಅವ್ವ ಕುರ್ಚಿಯಿಂದ ಏಳದೆಯೇ ಸುದ್ದಿ ಹೇಳಿದಳು. "ಹೊಳೆ ಬುಡುಕ್ಕೇ ಓಯ್ತೀನಿ ಕಣವ್ವ. ಮ್ಯಾಲ್ಗಡೆ ಒಂದ್ ನರಪಿಳ್ಳೆನೂ ಇಲ್ವಂತೆ."
ಪುಟ್ಟಗೌರಮ್ಮ ಕಾಫಿ ಲೋಟವನ್ನೇ ನೋಡುತ್ತಾ ಕೂತರು. ನಾನು ಅಡುಗೆಮನೆಗೆ ಹೋಗಿ ನಿಂತೆ. ಎಂಥ ತಾಯಿ ನನ್ನವಳು!

೨-೧೦, ಗುರುವಾರ. ಘಾಟಿ ಇಳಿಯುವ ಬಸ್ಸು
ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ. ರಸ್ತೆ ತೆರೆದಿತ್ತು. ಅವ್ವ ನೀರಿನ ಹತ್ತಿರ ಬಂಡೆಯ ಮೇಲೆ ಕೂತು ಶೂ ಬಿಚ್ಚಿದಳು. ಬೇಡ ಎಂದೆ, ಕೇಳಬೇಕಲ್ಲ! ಕಾಲಿಟ್ಟಳು. ಕಿರುಚಿದಳು, ನಕ್ಕಳು. ಬೊಗಸೆಯಲ್ಲಿ ತೆಗೆದು ಕುಡಿದಳು. ಆಮೇಲೆ ತಲೆಯೆತ್ತಿ ಬಹಳ ಹೊತ್ತು ಮೇಲುಗಡೆ ನೋಡಿದಳು. ಬರೀ ಹಿಮ. ನಾನು ಅಭ್ಯಾಸಬಲದಿಂದ ಅವಳಿಗಿಂತ ಕೆಳಗಡೆ ನಿಂತಿದ್ದೆ. ತಿರುಗಿ ನೋಡಿ ರೇಗಿದಳು.
"ಅಲ್ಯಾಕ್ ನಿಂತಿದ್ದಿಯೇ? ಅದು ನನ್ ಕಾಲ್ ತೊಳ್ದ ನೀರು. ಬಾ ಮಗ, ನನ್ಗಿಂತ ಮ್ಯಾಲೆ ನಿಂತ್ಕೊ."
ಶೂ ಬಿಚ್ಚಿದೆ. ಅವಳ ಭುಜ ಹಿಡಿದು, ಅವಳನ್ನು ದಾಟಿ, ಮೇಲೆ ಹೋಗಿ ನಿಂತೆ. ಅಳು ಬಂತು. ಕೆಳಗಿನಿಂದ ಅವ್ವ ಬಗ್ಗಿ, ನನ್ನ ಪಾದ ಸವರಿ ಬಂದ ನೀರಿಗೆ ಬೊಗಸೆಯೊಡ್ಡಿ ಕುಡಿದಳು.