ಛತ್ರದಲ್ಲಿ ಉಳಿದವರು

ಕೃಷ್ಣರಾಜಪುರ
21 ಜನವರಿ 2003

ಪ್ರೀತಿಯ ಸಾಬಿರಾ,

ಕೋಲಾರದಿಂದ ನೀನು ಬರೆದ ಕಾಗದ ರಂಜಾನಿನಲ್ಲೇ ಕೈಸೇರಿತ್ತು. ಉತ್ತರ ಬಕ್ರೀದಿನ ಹೊತ್ತಿಗೆ ಬರುತ್ತಿದೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ಬಾಣಂತಿ ಕಣ್ಣಿಗೆ ಕೆಲಸ ಕೊಡಬಾರದೆಂದು ನಮ್ಮತ್ತೆ ಆಂಜನಮ್ಮ ಪೆನ್ನುಗಳನ್ನೆಲ್ಲ ಬೀರುವಿಗೆ ಸೇರಿಸಿದ್ದರು. "ಈಗ ಓದಿ ಬರೆದು ಮಾಡಿದ್ರೆ ಮಗನ ಮದ್ವೇಲಿ ಸೊಸೆ ಮುಖ ಕಾಣ್ಸಲ್ಲ, ನೋಡ್ಕೋ" ಎಂದು ಹೆದರಿಸುತ್ತಿದ್ದರು. ನಿನ್ನ ಕಾಗದವನ್ನೂ ಸ್ನಾನದ ಮನೆಯಲ್ಲಿ ಕದ್ದು ಓದಿದೆ. ಫೋನ್ ಮಾಡೋಣವೆಂದರೆ ಅದು ಇರುವುದು ನಡುಮನೆಯಲ್ಲಿ, ಅತ್ತೆಯ ದಿವಾನದ ತಲೆದೆಸೆಯಲ್ಲಿ. ಇವತ್ತು ಅವರು ಹಲಸೂರಿಗೆ ಯಾರದೋ ಮನೆಯ ಒಸಗೆಗೆ ಹೋಗಿದ್ದಾರೆ. ಮಗು ಮಲಗಿದೆ. ಮಧ್ಯಾಹ್ನದ ಬಿಸಿಲು ತೊಟ್ಟಿಲವರೆಗೂ ಬಂದಿದೆ.

ನೀನು ಕೊನೆಯಲ್ಲಿ ತಮಾಷೆಗೆಂದು ಒಂದು ಮಾತು ಬರೆದಿದ್ದೆ. ಜಿಯಾ ಭಾಯ್ ಶಿವಾಜಿನಗರದ ತನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ ಮೊಬೈಲ್ ಅಂಗಡಿ ಇಡುತ್ತಾನೆ, ನಮ್ಮ ಹಳೆಯ ಕಂಪ್ಯೂಟರು ಬಕ್ರೀದ್ ಕಳೆದ ಮೇಲೆ ಗುಜರಿಗೆ, ನಿನಗೇನಾದರೂ ಬೇಕಾ ಎಂದು. ಬೇಕು ಸಾಬಿರಾ. ದಯವಿಟ್ಟು ಹಬ್ಬಕ್ಕೆ ತವರಿಗೆ ಬಂದ ದಿನವೇ ಹೋಗಿ ಅದನ್ನು ತಡೆ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಮಗ ಹುಟ್ಟಿದ್ದಕ್ಕೆ ಶುಭಾಶಯ ಬರೆದಿದ್ದೀಯ. ಅವನ ಹೆಸರು ಲಿಖಿತ್. ಹಾಲು ಚೆನ್ನಾಗಿ ಕುಡಿಯುತ್ತಾನೆ, ಕಿವಿ ಥೇಟ್ ಅಪ್ಪನದು, ಆದಿಯದು. ಆದರೆ ನಿನಗೆ ಮುಟ್ಟಿದ್ದು ಅರ್ಧ ಸುದ್ದಿ. ಎರಡಿತ್ತು. ಅವನಿಗಿಂತ ಮೊದಲು ಒಂದು ಹೆಣ್ಣು ಬಂದಳು. ಉಸಿರಿಲ್ಲದೆಯೇ ಬಂದಳು ಎಂದು ಮನೆಯವರೆಲ್ಲ ಹೇಳುತ್ತಾರೆ. ನಮ್ಮ ಮಾವ ಮುನಿನಾರಾಯಣಪ್ಪನವರು ತಮ್ಮ ಹೆಗಲ ಮೇಲಿದ್ದ ಟವೆಲಿನಲ್ಲೇ ಸುತ್ತಿಕೊಂಡು ಹೋದರಂತೆ. ನಾನು ನೋಡಲಿಲ್ಲ. ನೋಡಿದರೆ ಹಾಲು ಇಂಗುತ್ತದೆ ಎಂದರು.

ಯಾರೂ ಕೆಟ್ಟವರಲ್ಲ, ಅದೇ ಕಷ್ಟ. ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರು ಅತ್ತೆಯೇ. ಬಿಸಿನೀರು ಹುಯ್ದಾದ ಮೇಲೆ, ಸಾಂಬ್ರಾಣಿ ಹೊಗೆ ಕಣ್ಣಿಗೆ ಹೋಯಿತು ಎಂದು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಆದರೆ ಆ ಮಾತು ಮಾತ್ರ ಎತ್ತುವ ಹಾಗಿಲ್ಲ. ಒಂದು ದಿನ ಮಾವ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಕೇಳಿಯೇಬಿಟ್ಟೆ. "ನಮ್ಮ ಹೊಲದಲ್ಲೇ ಮಣ್ಣು ಮಾಡ್ದೆ ಅಂದ್ರಿ, ಯಾವ ಕಡೆ ಮಾವ?" ಅವರು ನಲ್ಲಿ ತಿರುಗಿಸಿ ನಿಲ್ಲಿಸಿದರು. "ಹೆತ್ತೋಳು ಅದನ್ನ ಕೇಳಬಾರ್ದಮ್ಮ. ಒಳಗೆ ಹೋಗು, ಗಾಳಿ ಐತೆ." ಮಾರತ್ತಹಳ್ಳಿ ಕಡೆಯ ಆ ಹೊಲವನ್ನು ಹೋದ ತಿಂಗಳು ಫ್ಲ್ಯಾಟ್ ಕಟ್ಟುವವರಿಗೆ ಬಿಟ್ಟುಕೊಟ್ಟರು. ಮಾತುಕತೆ ಅವಳು ಹುಟ್ಟುವುದಕ್ಕೆ ಮೊದಲೇ ಆಗಿತ್ತು. ಜೆಸಿಬಿ ಬಂದಿದೆಯಂತೆ. ಮಾವ ಈಗ ಆ ದಾರಿಯಲ್ಲಿ ಓಡಾಡುವುದಿಲ್ಲ, ಬ್ಯಾಂಕಿಗೆ ಹೋಗಬೇಕೆಂದರೂ ಸುತ್ತು ಬಳಸಿ ಹೋಗುತ್ತಾರೆ.

ನಾಮಕರಣದ ದಿನ ಲಿಖಿತನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ಹೆಂಗಸರೆಲ್ಲ ಎಲೆ ಅಡಿಕೆಗೆ ಎದ್ದರು. ನಾನು ಮಾತ್ರ ತೊಟ್ಟಿಲ ಹತ್ತಿರ ನಿಂತೇ ಇದ್ದೆ, ಇನ್ನೂ ಏನೋ ಬಾಕಿಯಿರುವ ಹಾಗೆ. ಅತ್ತೆಯ ಅಕ್ಕ ಅಕ್ಕಯಮ್ಮನಿಗೆ ಅದು ಹೇಗೆ ತಿಳಿಯಿತೋ, ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದರು. "ಇನ್ನೊಂದಕ್ಕೂ ಇಡಣ ಅಂತಾನಾ? ಹೆಸರಿಡಕ್ಕೆ ಮುಂಚೆ ಹೋದದ್ದಕ್ಕೆ ಹೆಸರಿಲ್ಲ ಮಗಳೇ. ಇಟ್ಟೆ ಅಂದ್ಕೋ, ಕೂಗಿದ್ರು ಅಂತ ಬಾಗಿಲ ತಾವೇ ನಿಂತ್ಕೋತದೆ. ಈ ಕೂಸಿನ ಮುಖ ನೋಡಿ ಆಸೆ ಪಡ್ತದೆ. ಬಿಟ್ಬಿಡು, ಹೋಗ್ಲಿ." ಡಿಗ್ರಿ ಓದಿದವಳು ನಾನು, ನಕ್ಕುಬಿಡಬೇಕಿತ್ತು. ನಗಲಿಲ್ಲ. ಅವತ್ತಿನಿಂದ ನಿದ್ದೆಯೂ ಇಲ್ಲ. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಕೂತಿರುತ್ತೇನೆ. "ಅವನಿಗೂ ಸ್ವಲ್ಪ ಗಾಳಿ ಬಿಡೇ, ಉಸಿರಾಡ್ಲಿ" ಎಂದು ಆದಿ ನಗಿಸಲು ನೋಡುತ್ತಾರೆ. ಆಮೇಲೆ ಅವರೂ ಎದ್ದು ಕೂತು ಅವನ ಎದೆಯನ್ನೇ ನೋಡುತ್ತಾರೆ.

ಸಾಬಿರಾ, ಈ ನಿದ್ದೆಗೆಟ್ಟ ಕಣ್ಣಿಗೆ ಮತ್ತೆ ಮತ್ತೆ ಕಾಣುವುದು ಏನು ಗೊತ್ತಾ? ನಮ್ಮ 'ಗುಹೆ'. ಆ ಕಂಪ್ಯೂಟರ್ ಆಟದ ಇಂಗ್ಲಿಷ್ ಹೆಸರು ಅಷ್ಟುದ್ದ ಇತ್ತೆಂದು ನಾವು ಹಾಗೇ ಕರೆಯುತ್ತಿದ್ದೆವು. ಗುಹೆ ಒಂದು, ಗುಹೆ ಎರಡು, ಗುಹೆ ಮೂರು. ಕಾಲೇಜು ಮುಗಿಸಿ ಬಸ್ಸಿಳಿದು, ಬೇಕರಿ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಟೈಪ್‌ರೈಟರುಗಳ ಗದ್ದಲ, ಮೂಲೆಯಲ್ಲಿ ಬಟ್ಟೆ ಹೊದಿಸಿದ ಆ ಒಂದು ಕಂಪ್ಯೂಟರು. ನಮ್ಮದು ಕಾಪಿ ಮಾಡಿದ ಫ್ಲಾಪಿ. ಆಟ ಶುರುವಾಗುವ ಮೊದಲು, ಅದರ ಜೊತೆ ಬರುವ ಪುಸ್ತಕದ ಇಂಥ ಪುಟದ ಇಂಥ ಪದ ಯಾವುದು ಎಂದು ಕೇಳುತ್ತಿತ್ತು. ಆ ಪುಸ್ತಕದ ಜೆರಾಕ್ಸಿಗಾಗಿ ಜಿಯಾ ಭಾಯ್ ಯಾರ ಯಾರ ಕಾಲು ಹಿಡಿದನೋ. ಟೈಪಿಂಗ್ ಚಾರ್ಟಿನ ಬೆನ್ನಿಗೆ ಗ್ರಾಫ್ ಹಾಳೆ ಅಂಟಿಸಿ ನಾನು ದಾರಿ ಬರೆಯುತ್ತಿದ್ದೆ, ನೀನು ಕೀಲಿ ಒತ್ತುತ್ತಿದ್ದೆ. ಆರು ಜನರ ತಂಡ. ಬಿಲ್ಲು ಹಿಡಿದ ಹಂಸ, ಮಂತ್ರ ಕಲಿತ ಸಾಬಿರಾ, ಬೀಗ ಮುರಿಯುವ ಕಳ್ಳನಿಗೆ ಜಿಯಾ ಭಾಯ್ ಹೆಸರು. ಎಲ್ಲರಿಗಿಂತ ಮುಂದೆ, ಗುರಾಣಿ ಹಿಡಿದ ರೆಹಾನ್. ಒಂದು ಭಾಗ ಮುಗಿದರೆ ಅದೇ ತಂಡವನ್ನು ಮುಂದಿನ ಭಾಗಕ್ಕೆ ದಾಟಿಸಬಹುದಿತ್ತು. ಹಾಗೆ ನಮ್ಮ ಜೊತೆಗೇ ದೊಡ್ಡವರಾದರು ಅವರು.

ಗುಹೆ ಮೂರರಲ್ಲಿ ರೆಹಾನ್ ಸತ್ತ. ಸತ್ತವರ ಹೆಸರು ಅಳಿಯುತ್ತಿರಲಿಲ್ಲ, ಬಿಳಿಯಿಂದ ಬೂದುಬಣ್ಣಕ್ಕೆ ತಿರುಗುತ್ತಿತ್ತು, ನೆನಪಿದೆಯಾ? ಆಟದೊಳಗಿನ ಗುಡಿಗೆ ಹೊತ್ತುಕೊಂಡು ಹೋದರೆ ಪೂಜಾರಿ ಬದುಕಿಸಲು ನೋಡುತ್ತಿದ್ದ. ಅವನ ಮಂತ್ರ ತಪ್ಪಿದರೆ ಹೆಣ ಬೂದಿಯಾಗಿ ಹೆಸರೇ ಹೋಗಿಬಿಡುತ್ತಿತ್ತು. ಗುಡಿಯ ಬಾಗಿಲವರೆಗೂ ಹೋಗುವುದು, ಬದುಕಿಸುವ ಕೀಲಿಯ ಮೇಲೆ ಬೆರಳಿಡುವುದು, ವಾಪಸ್ ಬರುವುದು. ನೀನು ಒತ್ತಲೇ ಇಲ್ಲ. ಅವನ ಜಾಗಕ್ಕೆ ಬೇರೆಯವರನ್ನೂ ಸೇರಿಸಲಿಲ್ಲ. "ಹೆಣ ಹೊತ್ಕೊಂಡು ಯುದ್ಧಕ್ಕೆ ಹೋಗೋ ಸೈನ್ಯ ನಿಮ್ದೊಂದೇ ನೋಡಿ ಮೇಡಂ" ಎಂದು ಜಿಯಾ ಭಾಯ್ ಆಡಿಕೊಳ್ಳುತ್ತಿದ್ದ. ನನಗೂ ಅದು ಹಟವೆಂದೇ ಕಂಡಿತ್ತು.

ಅದೇ ವರ್ಷ ಈದ್ ದಿನ ಕುಕ್ ಟೌನಿನ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮಕ್ಕಳೆಷ್ಟು ಎಂದು ಯಾರೋ ಹೊಸಬರು ನಿಮ್ಮ ಅಮ್ಮಿಯನ್ನು ಕೇಳಿದರು. ಅವರು ಸಲೀಸಾಗಿ, "ಐದು. ನಾಲ್ಕು ಮನೇಲಿ, ಒಂದು ಖಬರಸ್ತಾನದಲ್ಲಿ" ಎಂದರು. ನಾನು ಬೆಪ್ಪಾಗಿ ನೋಡಿದ್ದನ್ನು ಕಂಡು ನನ್ನ ಬಟ್ಟಲಿಗೆ ಇನ್ನಷ್ಟು ಶಾವಿಗೆ ಹಾಕಿದರು. "ಹುಟ್ಟಿ ಒಂದೇ ಸಲ ಅತ್ತ ಬೇಟಿ. ಆಮೇಲೆ ಇಲ್ಲ. ಆದ್ರೆ ಅತ್ತ ಅಲ್ವಾ? ಅತ್ತ ಮಗೂಗೆ ಹೆಸರು ಕೊಡ್ಲೇಬೇಕು, ಅದು ಅವನ ಹಕ್ಕು. ಹೆಸರಿಟ್ಟು, ಸ್ನಾನ ಮಾಡ್ಸಿ, ನಮಾಜ್ ಮಾಡಿ ಕಳಿಸಿದ್ವಿ." ಏನು ಹೆಸರೆಂದು ಕೇಳಿದೆ. "ರೆಹಾನ್." ನಾನು ನಿನ್ನ ಕಡೆ ತಿರುಗಿದೆ. ನೀನು ತಲೆ ಎತ್ತದೆ ತಿನ್ನುತ್ತಲೇ ಇದ್ದೆ. ಮರುದಿನ ಆಟಕ್ಕೆ ಕೂತಾಗ ಅವನನ್ನು ಹೊರುವ ಸರದಿಯನ್ನು ನಾನು ಬೇಡಿ ತೆಗೆದುಕೊಂಡೆ. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಆಡಿಲ್ಲ.

ಗುಹೆ ನಾಲ್ಕು ಬಂದಾಗ ಜಿಯಾ ಭಾಯ್ ಎಷ್ಟು ಹಿಗ್ಗಿದ್ದ! ಹಳೆಯ ತಂಡವನ್ನು ದಾಟಿಸಲಾ ಎಂದು ಪರದೆ ಕೇಳಿತು. ಬಿಳಿ ಅಕ್ಷರದವರ ಹೆಸರುಗಳು ಮಾತ್ರ ಬಂದವು. ನೀನು ಸ್ವಿಚ್ ಆರಿಸಿದೆ. "ಅವನನ್ನ ಇಲ್ಲಿ ಒಬ್ನೇ ಬಿಟ್ಟು ನಾನೆಲ್ಲಿಗೂ ಬರಲ್ಲ ಹಂಸ." ಗುಹೆ ಮೂರನ್ನೇ ಮತ್ತೆ ತೆರೆದು ಎಲ್ಲರನ್ನೂ ಆಟದ ಊರಿನ ಛತ್ರಕ್ಕೆ ತಂದು ಮಲಗಿಸಿದೆವು. ನೀನು ಅದನ್ನು ಸರಾಯ್ ಅನ್ನುತ್ತಿದ್ದೆ. ಅಲ್ಲಿಗೆ ನಮ್ಮ ಆಟ ಮುಗಿಯಿತು. ಆಮೇಲೆ ಪರೀಕ್ಷೆ, ನಿನ್ನ ನಿಕಾಹ್, ನಮ್ಮಮ್ಮ ಹೋದದ್ದು, ನನ್ನ ಮದುವೆ.

ಆಟ ಮಾತ್ರ ನಮ್ಮನ್ನು ಬಿಟ್ಟು ನಡೆಯುತ್ತಲೇ ಇತ್ತು. ಬಸುರಿಯಾಗಿದ್ದಾಗ ಇಂದಿರಾನಗರದಲ್ಲಿ ಆದಿಯ ಸ್ನೇಹಿತರೊಬ್ಬರ ಮನೆಯಲ್ಲಿ ಗುಹೆ ಒಂಬತ್ತನ್ನು ನೋಡಿದೆ. ನೀರು ಹೊಳೆಯುತ್ತದೆ, ಮರದ ಎಲೆ ಅಲುಗುತ್ತದೆ. ಅದೇ ಕೊನೆಯ ಭಾಗವಂತೆ, ಇನ್ನು ಬರುವುದಿಲ್ಲವಂತೆ. ಅದರಲ್ಲಿ ಒಬ್ಬ ಬಿದ್ದ. ಇನ್ನು ಇವನನ್ನು ಹೇಗೆ ಹೊರುತ್ತಾರೋ ಎಂದು ನಾನು ಮುಂದಕ್ಕೆ ಬಾಗಿದೆ. ಕಾಳಗ ಮುಗಿದದ್ದೇ ಅವನು ಮೈ ಕೊಡವಿಕೊಂಡು ತಾನಾಗಿ ಎದ್ದು ನಡೆದ. "ಈಗ ಹಂಗೇ ಮೇಡಂ, ಸತ್ತೋರನ್ನ ಹೊರೋಕೆ ಯಾರಿಗೆ ಟೈಮಿದೆ" ಎಂದು ಆಡುತ್ತಿದ್ದ ಹುಡುಗ ನಕ್ಕ. ಅವತ್ತು ನಾನೂ ನಕ್ಕಿದ್ದೆ.

ಆದ್ದರಿಂದ ಕೇಳುತ್ತಿದ್ದೇನೆ. ಹೊಲ ಹೋಯಿತು. ಹೆಸರು ಇಡಬಾರದಂತೆ. ಆ ಕಂಪ್ಯೂಟರಿನೊಳಗೆ ನಮ್ಮ ಛತ್ರ ಇನ್ನೂ ಇದೆ, ಅಲ್ಲಿ ಜಾಗವಿದೆ. ಒಂದು ಹೆಸರು ಸೇರಿಸಿಕೊಡು. ಆಮೇಲೆ ಅದನ್ನು ನಿನ್ನ ಕೋಲಾರದ ಮನೆಯ ಅಟ್ಟದಲ್ಲಿ ಎಲ್ಲಾದರೂ ಇಡು, ಕೆಟ್ಟು ಕೂತರೂ ಚಿಂತೆಯಿಲ್ಲ. ಇಲ್ಲಿಗೆ ತರಲಾರೆ, ಅಕ್ಕಯಮ್ಮನ ಮಾತು ನನ್ನೊಳಗೆ ಇಳಿದುಬಿಟ್ಟಿದೆ. ಆದಿಗೆ ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹೋಗುತ್ತೇನೆ, ಅದೂ ಬೇಕೇನೋ. ಆದರೆ ಇದು ಮೊದಲು ಆಗಲಿ.

ಅಮ್ಮಿಗೆ ನನ್ನ ಸಲಾಂ ಹೇಳು. ಅವರ ಮೊಣಕಾಲು ನೋವು ಹೇಗಿದೆ, ಬರೆ. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಮನೆಯ ಒಲೆ ಆರದಿರಲಿ. ಲಿಖಿತ್ ಏಳುತ್ತಿದ್ದಾನೆ, ಅತ್ತೆ ಬರುವ ಹೊತ್ತೂ ಆಯಿತು.

ನಿನ್ನ
ಹಂಸ

ತಾ.ಕ.: ಅವಳು ಅತ್ತಳು ಸಾಬಿರಾ. ಒಂದೇ ಸಲ, ಬೆಕ್ಕಿನಮರಿಯ ಹಾಗೆ. ಹೆರಿಗೆಯಲ್ಲಿ ನನ್ನ ಕಾಲ ಬಳಿ ನಿಂತಿದ್ದ ಆಸ್ಪತ್ರೆಯ ಆಯಾ ಕೂಡ ಕೇಳಿಸಿಕೊಂಡಳು, ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು. "ನೀನು ಕೇಳಿದ್ದು ಲಿಖಿತ್ ಅತ್ತಿದ್ದು" ಎಂದು ಆದಿ ಹೇಳುತ್ತಾರೆ, ಅತ್ತೆ ಹೇಳುತ್ತಾರೆ, ಈಗೀಗ ಎಲ್ಲರೂ ಅದನ್ನೇ ನಂಬಿದ್ದಾರೆ. ಲಿಖಿತ್ ಆಗ ಇನ್ನೂ ನನ್ನೊಳಗೇ ಇದ್ದ.

ತನ್ಮಯಿ. ಇಂಗ್ಲಿಷಿನಲ್ಲಿ ಆ ಆಟದ ಎಂಟು ಅಕ್ಷರದೊಳಗೆ ಹಿಡಿಸುತ್ತದೆ. ಅವಳಿಗೆ ಕತ್ತಿ ಗುರಾಣಿ ಏನೂ ಬೇಡ. ರೆಹಾನ್ ಕೆಳಗಿನ ಸಾಲಿನಲ್ಲಿ ಇರಲಿ. ಹೊಸಬರ ಹೆಸರು ಬಿಳಿ ಅಕ್ಷರದಲ್ಲಿ ಬರುತ್ತದಲ್ಲ, ಬಂದದ್ದನ್ನು ಒಂದು ಸಲ ಗಟ್ಟಿಯಾಗಿ ಓದಿ, ಸೇವ್ ಮಾಡಿ, ಆರಿಸಿಬಿಡು. ಯಾರನ್ನೂ ಗುಹೆಗೆ ಕರೆದುಕೊಂಡು ಹೋಗಬೇಡ.